ಅನುವಂಶೀಯತೆಯ ಪಾಠ ಓದಿದ ಚಳಿಗಾಲ

ಮಾಗಡಿ ರಸ್ತೆಯ ನಡುವೆ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಹೆಚ್ಚಿನ ಮನೆಗಳಿಗೆ ಒಂದೇ ಮಹಡಿ. ಕೆಳಗೆ ಮನೆಯವರು, ಮೇಲೆ ಬಾಡಿಗೆಯವರು. ಡಿಸೆಂಬರಿನಲ್ಲಿ ಸ್ವೆಟರ್ ಇಲ್ಲದೆ ಸ್ಕೂಲಿಗೆ ಹೋಗಲು ಆಗುತ್ತಿರಲಿಲ್ಲ. ಆ ತಿಂಗಳು ಇಡೀ ಬೀದಿಗೆ ಒಂದೇ ವಾಸನೆ, ಸೊಗಡಿನ ಅವರೆಕಾಯಿಯದು. ತಳ್ಳುಗಾಡಿ ಗೇಟಿನ ಮುಂದೆ ನಿಂತರೆ ಅಮ್ಮ ಒಂದು ಕಾಯಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡದೆ ಕೊಳ್ಳುತ್ತಿರಲಿಲ್ಲ. ಕಾಯಿ ಬಿಡಿಸಿದ ಕೈಯನ್ನು ಎಷ್ಟು ತೊಳೆದರೂ ಸೊಗಡು ಹೋಗುತ್ತಿರಲಿಲ್ಲ. ನನ್ನ ಪಠ್ಯಪುಸ್ತಕದ ಹಾಳೆಗಳಿಗೂ ಅದು ಅಂಟಿಕೊಂಡಿತ್ತು. ಆ ವಾಸನೆಯ ಜೊತೆಗೇ ನೆನಪಾಗುವ ಒಂದು ಚಳಿಗಾಲವಿದೆ. ನಾನಾಗ ಹತ್ತನೇ ಕ್ಲಾಸು.

ನಮ್ಮ ಮನೆಯಲ್ಲಿ ನಾವು ಐದು ಜನ. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅಕ್ಕ ನಂದಿನಿ ವಿಜಯನಗರದ ಕಾಲೇಜಿನಲ್ಲಿ ಬಿಕಾಂ ಕೊನೆಯ ವರ್ಷದಲ್ಲಿದ್ದಳು. ತಮ್ಮ ಚೇತನನಿಗೆ ಒಂಬತ್ತು ವರ್ಷ. ಅವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಇನ್ನು ಅಮ್ಮ. ಅಮ್ಮನಿಗೆ ಅಪ್ಪ ಬರೀ ಗಂಡನಲ್ಲ, ಸೋದರಮಾವ ಕೂಡ. ಅಂದರೆ ಅಮ್ಮನ ತಾಯಿ, ನಮ್ಮಜ್ಜಿ, ತನ್ನ ಸ್ವಂತ ತಮ್ಮನಿಗೇ ಮಗಳನ್ನು ಕೊಟ್ಟಿದ್ದಳು. ನಮ್ಮ ಕಡೆ ಅದೇನು ವಿಶೇಷವಲ್ಲ. ಹೊರಗಿನವರಿಗೆ ಕೊಟ್ಟು ಕಣ್ಣೀರು ಹಾಕುವುದಕ್ಕಿಂತ ಮನೆಯೊಳಗೇ ಇರಲಿ ಎನ್ನುವುದು ಅಜ್ಜಿಯ ಮಾತು.

ಅಜ್ಜಿ ಸುಂಕದಕಟ್ಟೆಯಲ್ಲಿ ತನ್ನ ಕೊನೆಯ ಮಗ ಮೋಹನ ಮಾವನ ಜೊತೆ ಇದ್ದಳು. ಮಾವನಿಗೆ ಅಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಸಣ್ಣ ಅಂಗಡಿ ಇತ್ತು. ಪ್ರತಿ ಭಾನುವಾರ ಅಜ್ಜಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ. ಜೊತೆಗೆ ಕೆಟ್ಟುಹೋದ ಯಾವುದಾದರೂ ಮೋಟಾರು. ಅದು ಚೇತೂಗೆ. ಇಬ್ಬರೂ ಹಾಲಿನ ನೆಲದ ಮೇಲೆ ಪೇಪರ್ ಹಾಸಿ ಅದನ್ನು ಬಿಚ್ಚಿ ಹಾಕಿಕೊಂಡು ಕೂತರೆಂದರೆ ಊಟಕ್ಕೆ ಏಳಿಸುವುದು ಕಷ್ಟ.

ಚೇತೂನ ಶಾಲೆಯಲ್ಲಿ ತುಟಿ ನೋಡಿ ಮಾತು ತಿಳಿಯುವುದನ್ನು, ಗಂಟಲಿನಿಂದ ಸ್ವರ ಹೊರಡಿಸುವುದನ್ನು ಕಲಿಸುತ್ತಿದ್ದರು. ಕೈ ಆಡಿಸಿದರೆ ಬೈಯುತ್ತಿದ್ದರು. ನಾವೂ ಹಾಗೇ ಮಾಡಬೇಕೆಂದು ಅಮ್ಮನಿಗೆ ಹೇಳಿ ಕಳಿಸಿದ್ದರು. ಮಾವ ಮಾತ್ರ ಕೇಳಲಿಲ್ಲ. "ಬಾಯಲ್ಲಿ ಬರದೆ ಇದ್ರೆ ಕೈಯಲ್ಲಿ ಬರಲಿ ಬಿಡಕ್ಕ, ಒಟ್ನಲ್ಲಿ ಮಾತು ಬರಬೇಕು ತಾನೆ," ಎಂದು ಅವನೂ ಚೇತೂವೂ ಸೇರಿ ಕೈಮಾತು ಕಟ್ಟಿಕೊಂಡಿದ್ದರು. ಹೆಗಲ ಮೇಲಿಂದ ಜಡೆ ಎಳೆದಂತೆ ಮಾಡಿದರೆ ಅಕ್ಕ. ಮೂಗಿಗೆ ನಶ್ಯ ಏರಿಸಿದಂತೆ ಮಾಡಿದರೆ ಅಜ್ಜಿ. ಪೆನ್ಸಿಲ್ ಕಚ್ಚಿದಂತೆ ಮಾಡಿದರೆ ನಾನು. ಮಣಿಕಟ್ಟು ತಿರುಗಿಸಿ ಸ್ಕ್ರೂಡ್ರೈವರ್ ಆಡಿಸಿದರೆ ಮಾವ. ನಮಗೆಲ್ಲ ಬರುತ್ತಿದ್ದದ್ದು ಅಷ್ಟೇ: ಹೆಸರು, ಊಟ, ನಿದ್ದೆ, ಬಾ, ಹೋಗು. ಮಾವನಿಗೆ ಮಾತ್ರ ಚೇತೂನ ಪೂರ್ತಿ ಕಥೆಗಳು ತಿಳಿಯುತ್ತಿದ್ದವು. ಶಾಲೆಯ ವ್ಯಾನಿನಲ್ಲಿ ಯಾರು ಯಾರಿಗೆ ಹೊಡೆದರು, ಕನಸಿನಲ್ಲಿ ಏನು ಬಂತು, ಎಲ್ಲವನ್ನೂ ಮಾವ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ. ನನ್ನ ತಮ್ಮ ಎಷ್ಟು ತಮಾಷೆಯ ಹುಡುಗ ಎಂದು ನನಗೆ ಗೊತ್ತಾಗುತ್ತಿದ್ದದ್ದು ಭಾನುವಾರಗಳಲ್ಲಿ ಮಾತ್ರ.

ಅಕ್ಕನನ್ನು ಮೋಹನ ಮಾವನಿಗೇ ಕೊಡುವುದೆಂದು ಅವಳ ತೊಟ್ಟಿಲಿನ ಮುಂದೆಯೇ ಮಾತಾಗಿತ್ತಂತೆ. ಅಕ್ಕ ಚಿಕ್ಕವಳಿದ್ದಾಗ ಆ ಮಾತೆತ್ತಿದರೆ ಅಳುತ್ತಿದ್ದಳು. ಕಾಲೇಜು ಸೇರಿದ ಮೇಲೆ ಅಳುವುದು ನಿಂತಿತು. ಭಾನುವಾರ ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸುವ ನೆಪದಲ್ಲಿ ಗೇಟಿನ ಹತ್ತಿರವೇ ನಿಲ್ಲುತ್ತಿದ್ದಳು. ಮಾವನೂ ಬಂದವನೇ ಎಲ್ಲರನ್ನೂ ಮಾತಾಡಿಸಿ ಅವಳೊಬ್ಬಳನ್ನು ಬಿಟ್ಟುಬಿಡುತ್ತಿದ್ದ. ಅದರಿಂದಲೇ ನಮಗೆಲ್ಲ ಗೊತ್ತಾಗಿತ್ತು. ಅವಳ ಪರೀಕ್ಷೆ ಮುಗಿದ ಮೇಲೆ ಮದುವೆ ಎಂದು ಅಜ್ಜಿ ತೀರ್ಮಾನಿಸಿದ್ದಳು.

ಅದೇ ಡಿಸೆಂಬರಿನಲ್ಲಿ ನಮಗೆ ಅನುವಂಶೀಯತೆಯ ಪಾಠ ಬಂತು. ವಿಜ್ಞಾನಕ್ಕೆ ಬರುತ್ತಿದ್ದವರು ಸುಮಿತ್ರಾ ಮಿಸ್. ಪಾಠ ಶುರು ಮಾಡುವ ಮೊದಲು ಎಲ್ಲರಿಗೂ ನಾಲಿಗೆ ಹೊರಗೆ ಹಾಕಿ ಕೊಳವೆಯಂತೆ ಮಡಿಚಲು ಹೇಳಿದರು. ಕೆಲವರಿಗೆ ಬಂತು, ಕೆಲವರಿಗೆ ಎಷ್ಟು ತಿಣುಕಿದರೂ ಬರಲಿಲ್ಲ. ಕ್ಲಾಸಿನಲ್ಲಿ ನಗುವೋ ನಗು. ಆಮೇಲೆ ಕಿವಿಯ ಹಾಲೆ ನೋಡಿಸಿದರು. ಕೆಲವರದ್ದು ಜೋತಾಡುತ್ತದೆ, ಕೆಲವರದ್ದು ಕೆನ್ನೆಗೆ ಅಂಟಿಕೊಂಡಿರುತ್ತದೆ. "ಮನೇಲಿ ಹೋಗಿ ನೋಡಿ, ನಿಮ್ಮದು ಯಾರ ಹಂಗಿದೆ ಅಂತ," ಎಂದರು.

ನಂತರ ಬಟಾಣಿ ಗಿಡದ ಕಥೆ. ಎತ್ತರದ ಗಿಡವನ್ನೂ ಕುಳ್ಳ ಗಿಡವನ್ನೂ ಕೂಡಿಸಿದರೆ ಹುಟ್ಟಿದ್ದೆಲ್ಲ ಎತ್ತರವೇ. ಕುಳ್ಳು ಕಾಣೆಯಾಯಿತು ಅಂದುಕೊಂಡರೆ, ಆ ಎತ್ತರದ ಗಿಡಗಳ ಮುಂದಿನ ಪೀಳಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಕುಳ್ಳ ಮತ್ತೆ ಬಂತು.

"ಎಲ್ಲೋಗಿತ್ತು ಅದು ಅಷ್ಟು ದಿನ?" ಮಿಸ್ ಕೇಳಿದರು.

ಉತ್ತರವನ್ನೂ ಅವರೇ ಹೇಳಿದರು.

"ಎಲ್ಲೂ ಹೋಗಿರಲಿಲ್ಲ ಕಣ್ರೋ. ಒಳಗೇ ಅಡಗಿ ಕೂತಿತ್ತು. ಪ್ರತಿ ಗುಣಕ್ಕೂ ನಮ್ಮಲ್ಲಿ ಎರಡು ವಂಶವಾಹಿ ಇರ್ತವೆ. ಒಂದು ಅಮ್ಮ ಕೊಟ್ಟಿದ್ದು, ಒಂದು ಅಪ್ಪ ಕೊಟ್ಟಿದ್ದು. ಪ್ರಬಲವಾಗಿರೋದು ಒಂದಿದ್ರೂ ಸಾಕು, ಅದೇ ಹೊರಗೆ ಕಾಣುತ್ತೆ. ದುರ್ಬಲವಾಗಿರೋದು ಎರಡೂ ಕಡೆಯಿಂದ ಬಂದು ಸೇರಿದಾಗ ಮಾತ್ರ ಮುಖ ತೋರಿಸುತ್ತೆ."

ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಹತ್ತಿರದ ಸಂಬಂಧದಲ್ಲಿ ಮದುವೆಯಾಗಬಾರದು ಅನ್ನುತ್ತಾರಲ್ಲ, ಅದೂ ಇದಕ್ಕೇನಾ ಮಿಸ್, ಎಂದು ಕೇಳಿದಳು. ಮಿಸ್ ಹೌದು ಎಂದರು. ಒಂದೇ ಮನೆತನದವರಲ್ಲಿ ಅಡಗಿರುವುದೂ ಒಂದೇ ಆಗಿರುವ ಸಂಭವ ಹೆಚ್ಚು ಎಂದರು. ಉದಾಹರಣೆ ಹೇಳುತ್ತಾ, ಹುಟ್ಟಿನಿಂದ ಬರುವ ಕಿವುಡು ಎಷ್ಟೋ ಸಲ ಹೀಗೇ ಬರುತ್ತದೆ ಎಂದವರು, ನನ್ನ ಕಡೆ ನೋಡಿ ಮಾತು ಬದಲಿಸಿದರು. ಚೇತೂನ ವಿಷಯ ಅವರಿಗೆ ಗೊತ್ತಿತ್ತು.

ಆ ಭಾನುವಾರ ಮನೆಯಲ್ಲಿ ಹಿತಕಿದ ಬೇಳೆ ಸಾರು. ನೆನೆಸಿದ ಅವರೆಕಾಳಿನ ದೊಡ್ಡ ಪಾತ್ರೆಯ ಸುತ್ತ ಅಜ್ಜಿ, ಅಮ್ಮ, ಅಕ್ಕ, ನಾನು, ಚೇತು ಕೂತು ಒಂದೊಂದೇ ಕಾಳು ಹಿತಕುತ್ತಿದ್ದೆವು. ಮೋಹನ ಮಾವ ಅಪ್ಪನ ಸ್ಕೂಟರ್ ನೋಡಲು ಹೊರಗೆ ಹೋಗಿದ್ದ. ಮೊದಲು ನಾಲಿಗೆ ಮಡಿಚುವ ಆಟ ಆಯಿತು. ಅಜ್ಜಿಗೆ ಬಂತು, ಅಮ್ಮನಿಗೆ ಬಂತು, ಅಕ್ಕನಿಗೆ ಬರಲಿಲ್ಲ. ಅಜ್ಜಿ ನಾಲಿಗೆ ಹೊರಗೆ ಹಾಕಿ ಕೂತದ್ದನ್ನು ಕಂಡು ಚೇತು ನೆಲದ ಮೇಲೆ ಉರುಳಾಡಿ ನಕ್ಕ. ಆ ಖುಷಿಯಲ್ಲೇ ನಾನು ಪಾಠ ಪೂರ್ತಿ ಹೇಳತೊಡಗಿದೆ. ಹಸಿರು ಕಾಳೊಂದು, ಕಂದು ಬಣ್ಣಕ್ಕೆ ತಿರುಗಿದ ಕಾಳೊಂದು ಅಮ್ಮನ ಮುಂದೆ ಇಟ್ಟೆ. ಅಂಥದ್ದೇ ಎರಡು ಅಪ್ಪನ ಪಾಲಿಗೆ ಅಂತ ಪಕ್ಕದಲ್ಲಿಟ್ಟೆ. ಮಗು ಇವರಿಂದ ಒಂದು, ಅವರಿಂದ ಒಂದು ತಗೊಳ್ಳುತ್ತೆ, ಹಸಿರು ಒಂದು ಸಿಕ್ಕರೂ ಕಿವಿ ಕೇಳುತ್ತೆ, ಕಂದು ಎರಡೂ ಬಂದರೆ ಮಾತ್ರ ಕೇಳಲ್ಲ, ಎಂದು ಕಾಳು ಸರಿಸಿ ಸರಿಸಿ ತೋರಿಸಿದೆ.

ಅಮ್ಮನ ಕೈ ನಿಂತಿತು. "ಇನ್ನೊಂದ್ಸಲ ಹೇಳು," ಎಂದಳು.

ಹೇಳಿದೆ.

"ಅಂದ್ರೆ ಎರಡೂ ಕಡೆಯಿಂದ ಬರಬೇಕಾ?"

"ಹೂಂ. ನಿನ್ನಿಂದ ಒಂದು, ಅಪ್ಪನಿಂದ ಒಂದು. ಬರೀ ನಿನ್ನಿಂದ ಆಗಲ್ಲ."

"ಗ್ರಹಣದಿಂದ?"

"ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ."

ಚೇತು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿನಲ್ಲಿ ಅಮ್ಮ ಸೊಪ್ಪು ಹೆಚ್ಚಿದ್ದಳು, ಅದಕ್ಕೇ ಮಗುವಿಗೆ ಹೀಗಾಯಿತು ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಹೆಚ್ಚಲಿಲ್ಲ ಎಂದು ಅಮ್ಮ ಮೊದಮೊದಲು ವಾದಿಸಿದ್ದಳಂತೆ. ಆಮೇಲೆ ಅವಳಿಗೇ ಅನುಮಾನ ಬಂದು, ಹೆಚ್ಚಿದೆನೋ ಏನೋ ಎಂದು ಸುಮ್ಮನಾಗಿದ್ದಳು. ಈಗ ಅವಳು ಅಜ್ಜಿಯ ಕಡೆ ತಿರುಗಿದಳು. ಜಗಳದ ದನಿಯಲ್ಲ, ಬರೀ ಕೇಳುವ ದನಿ.

"ಅಮ್ಮಾ, ನಮ್ಮನೇಲಿ ಮುಂಚೆ ಯಾರಿಗಾದ್ರೂ ಹಿಂಗೆ ಇತ್ತಾ?"

ಅಜ್ಜಿ ಕಾಳು ಹಿತಕುತ್ತಲೇ ಇದ್ದಳು. ಕಾಳಿನಿಂದ ಕಣ್ಣೆತ್ತದೆ ಹೇಳಿದಳು. "ನನ್ ಬೆನ್ನಿಗೆ ಒಬ್ಳು ಹುಟ್ಟಿದ್ಳು. ಕರೆದ್ರೆ ತಿರುಗ್ತಿರ್ಲಿಲ್ಲ. ಚಿಕ್ಕೋಳಿದ್ದಾಗ್ಲೇ ಜ್ವರ ಬಂದು ಹೋಗ್ಬಿಟ್ಳು. ಹೋದೋಳ ಮಾತು ಯಾಕೆ ಅಂತ ಹೇಳಿರ್ಲಿಲ್ಲ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅವಳು ಅತ್ತಿದ್ದು ದುಃಖಕ್ಕಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅಕ್ಕ ಆ ಕಾಳುಗಳನ್ನೇ ನೋಡುತ್ತಿದ್ದಳು. "ಹಂಗಾದ್ರೆ ನನ್ನಲ್ಲೂ ಒಂದು ಇರಬಹುದಾ?"

"ಇರಬಹುದು."

"ಮಾವನಲ್ಲಿ?"

ನಾನು ಉತ್ತರ ಹೇಳುವ ಮೊದಲೇ ಅವಳು ಎದ್ದು ಕೈ ತೊಳೆಯಲು ಹೋದಳು.

ಮರುದಿನ ಸಂಜೆ ಅಕ್ಕ ನನ್ನ ಜೊತೆ ಶಾಲೆಗೆ ಬಂದು ಸುಮಿತ್ರಾ ಮಿಸ್ಸನ್ನು ಕಂಡಳು. ಮಿಸ್ ಪೇಚಾಡಿಕೊಂಡರು. "ನಾನು ಪಾಠ ಮಾಡೋಳಮ್ಮ. ಇದನ್ನ ಡಾಕ್ಟರ್ ಹತ್ರಾನೇ ಕೇಳಬೇಕು. ಮದ್ವೆ ಆಗೋ ಹುಡುಗನ್ನೂ ಕರ್ಕೊಂಡು ಹೋಗು," ಎಂದರು.

ಹೋದೆವು. ಚೇತೂನ ಕಿವಿ ನೋಡುತ್ತಿದ್ದ ಆಸ್ಪತ್ರೆಗೇ, ಮಾವ, ಅಕ್ಕ ಮತ್ತು ನಾನು. ಇಬ್ಬರನ್ನೇ ಕಳಿಸಲು ಅಮ್ಮ ಒಪ್ಪದ ಕಾರಣ ನಾನು. ಮಾವ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದಿದ್ದ, ಯಾವುದೋ ಕೆಲಸದ ಸಂದರ್ಶನಕ್ಕೆ ಬಂದವನ ಹಾಗೆ. ಡಾಕ್ಟರಮ್ಮ ನಮ್ಮ ಮನೆತನದ ಬಗ್ಗೆ ತಾಳ್ಮೆಯಿಂದ ಕೇಳಿದರು. ಕೊನೆಗೆ ಹೇಳಿದರು. "ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಆಗಲ್ಲ ಅಂತಲೂ ಹೇಳಲ್ಲ. ನಿಮ್ಮಿಬ್ಬರಲ್ಲೂ ಅದು ಅಡಗಿದ್ರೆ, ಪ್ರತಿ ಮಗುಗೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಒಂದು ಮಗುಗೆ ಆಯ್ತು, ಇನ್ನು ಮೂರಕ್ಕೆ ಆಗಲ್ಲ ಅಂತ ಲೆಕ್ಕ ಅಲ್ಲ. ಪ್ರತಿ ಸಲಾನೂ ಹೊಸದಾಗಿ ನಾಲ್ಕರಲ್ಲಿ ಒಂದು. ಹೊರಗಿನವರನ್ನ ಮದ್ವೆ ಆದ್ರೆ ಆ ಭಯ ತುಂಬಾ ಕಮ್ಮಿ."

"ನಮ್ಮಲ್ಲಿ ಇದೆಯಾ ಇಲ್ವಾ ಅಂತ ನೋಡಕ್ಕೆ ಆಗಲ್ವಾ ಮೇಡಂ?" ಮಾವ ಕೇಳಿದ.

"ಆ ಪರೀಕ್ಷೆ ನಮ್ಮಲ್ಲಿ ಇನ್ನೂ ಇಲ್ಲಪ್ಪ. ತೀರ್ಮಾನ ನಿಮ್ಮದೇ."

ಬರುವಾಗ ಬಸ್ಸಿಗೆ ಕಾಯುತ್ತಾ ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತೆವು. ಮಾವ ಲೋಟವನ್ನು ಕೈಯಲ್ಲೇ ಹಿಡಿದಿದ್ದ, ಕುಡಿಯಲಿಲ್ಲ.

"ಚೇತು ಹಂಗೆ ಒಂದು ಮಗು ಆದ್ರೆ ಏನಾಗುತ್ತೆ ನಂದಿನಿ? ನಂಗೆ ಮಾತಾಡಕ್ಕೆ ಬರುತ್ತಲ್ಲ," ಎಂದ.

"ನಿಂಗೆ ಬರುತ್ತೆ," ಅಕ್ಕ ಹೇಳಿದಳು. "ಭಾನುವಾರ ಬಂದು ಮಾತಾಡಿ ಹೋಗ್ತೀಯ. ಮಿಕ್ಕ ದಿನ ಅಮ್ಮ ಪಡೋದು ನಾನು ನೋಡಿದೀನಿ. ಮದ್ವೆ ಮನೇಲಿ ಜನ ಚೇತು ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡ್ತಾರೆ, ಕೇಳುತ್ತಾ ಅಂತ. ಅಮ್ಮ ನಗ್ತಾ ನಿಂತಿರ್ತಾಳೆ."

"ಆಯ್ತು. ಹಂಗಾದ್ರೆ ಬೇಡ ಅಂತೀಯಾ?"

"ಗೊತ್ತಿಲ್ಲ ಮಾವ," ಎಂದಳು ಅಕ್ಕ. "ಬೇಡ ಅಂದ್ರೆ ಚೇತುನೇ ಬೇಡ ಅಂದಂಗೆ ಆಗುತ್ತೆ. ಬೇಕು ಅನ್ನಕ್ಕೆ ಧೈರ್ಯ ಇಲ್ಲ."

ಮುಂದಿನ ಭಾನುವಾರ ಮಾತು ಹಾಲಿಗೆ ಬಂತು. ಅಜ್ಜಿಯ ಸಿಟ್ಟು ಇಷ್ಟಿಷ್ಟಲ್ಲ. "ಸ್ಕೂಲ್ ಪುಸ್ತಕ ಓದಿ ಸಂಬಂಧ ಮುರೀತಾರಾ ಯಾರಾದ್ರೂ? ನಾನು ತಮ್ಮನಿಗೆ ಮಗಳು ಕೊಡ್ಲಿಲ್ವಾ? ಈ ಇಬ್ರು ಹೆಣ್ಮಕ್ಕಳು ಚೆನ್ನಾಗಿಲ್ವಾ?"

ಅಪ್ಪ ಅಮ್ಮನನ್ನು ನೋಡಿ ಕೇಳಿದರು. "ಹಂಗಾದ್ರೆ ನಾವಿಬ್ರೂ ಮದ್ವೆ ಆಗಿದ್ದೇ ತಪ್ಪಾ?"

"ತಪ್ಪು ಅಂತ ಯಾರು ಹೇಳಿದ್ರು," ಅಮ್ಮ ಹೇಳಿದಳು. "ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಗೊತ್ತಿದ್ದೂ ಗೊತ್ತಿದ್ದೂ ನನ್ನ ಮಗಳನ್ನ ಕಳಿಸಲ್ಲ ನಾನು."

"ನಿನ್ ತಮ್ಮ ಕಣೇ ಅವನು," ಎಂದಳು ಅಜ್ಜಿ.

"ಗೊತ್ತು ಕಣಮ್ಮ. ಅದಕ್ಕೇ ಕಷ್ಟ ಆಗ್ತಿರೋದು."

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ಅವಳ ಮುಖ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ಮೋಹನ ಮಾವ, "ಬೇಡ ಬಿಡಿ. ಅವಳನ್ನ ಕೇಳಬೇಡಿ. ನಾನೇ ಬೇಡ ಅಂತಿದೀನಿ," ಎಂದ. ಅವಳ ಬಾಯಿಂದ ಆ ಮಾತು ಬರಬಾರದೆಂದು ಅವನು ತಾನೇ ಹೊತ್ತುಕೊಂಡ. ಅದು ಆಗಲೇ ಎಲ್ಲರಿಗೂ ತಿಳಿಯಿತು, ಅಕ್ಕನಿಗೂ.

ಚೇತು ನೆಲದ ಮೇಲೆ ಬಿಚ್ಚಿದ ಫ್ಯಾನಿನ ಮುಂದೆ ಕೂತಿದ್ದ. ಮಾತಿನ ನಡುನಡುವೆ ಎಲ್ಲರ ಕಣ್ಣೂ ತನ್ನ ಕಡೆ ಬಂದು ಹೋಗುವುದನ್ನು ಅವನು ಗಮನಿಸಿದ್ದ. ತುಟಿಗಳ ಮೇಲೆ ತನ್ನ ಹೆಸರನ್ನೂ ಕಂಡಿರಬೇಕು. ಎದ್ದು ಬಂದು ಮಾವನ ಮೊಣಕಾಲು ತಟ್ಟಿದ. ಜಡೆ ಎಳೆದಂತೆ ಮಾಡಿದ, ಮಣಿಕಟ್ಟು ತಿರುಗಿಸಿದ, ಎರಡೂ ಕೈ ಬೇರೆ ಬೇರೆ ಮಾಡಿದ. ಆಮೇಲೆ ತನ್ನ ಕಿವಿ ಮುಟ್ಟಿಕೊಂಡು ಅಂಗೈ ತೆರೆದ. ಇದರಿಂದಲಾ?

ಅದು ನಮಗೂ ಅರ್ಥವಾಯಿತು. ಮಾವ ತಲೆಯಾಡಿಸಿ ಇಲ್ಲ ಎಂದ. ಮತ್ತೆ ಮತ್ತೆ ಇಲ್ಲ ಎಂದ. ಆದರೆ ಚೇತು ನೋಡುತ್ತಿದ್ದದ್ದು ಕೈಯನ್ನಲ್ಲ, ಮುಖವನ್ನು. ಅವನು ಹುಟ್ಟಿದಾಗಿನಿಂದ ಓದುತ್ತಾ ಬಂದದ್ದು ಮುಖಗಳನ್ನೇ.

ಚೇತೂಗೆ ಕಿವಿಯಂತ್ರ ಕಂಡರೆ ಆಗುತ್ತಿರಲಿಲ್ಲ. ಬರೀ ಗುಂಯ್ ಎನ್ನುತ್ತದೆ ಎಂದು ಶಾಲೆಯಿಂದ ಬಂದವನೇ ಕಿತ್ತಿಡುತ್ತಿದ್ದ, ಭಾನುವಾರವಂತೂ ಮುಟ್ಟುತ್ತಲೇ ಇರಲಿಲ್ಲ. ಆ ಮರುದಿನದಿಂದ ಎದ್ದ ತಕ್ಷಣ ತಾನೇ ಹಾಕಿಕೊಳ್ಳತೊಡಗಿದ. ಊಟಕ್ಕೆ ಕೂತಾಗಲೂ, ಆಟಕ್ಕೆ ಹೋದಾಗಲೂ ತೆಗೆಯುತ್ತಿರಲಿಲ್ಲ. ಕಿವಿಯ ಹಿಂದೆ ಹುಣ್ಣಾದರೂ ಬಿಡಲಿಲ್ಲ. ಹಾಗೆ ಹಾಕಿಕೊಂಡಿದ್ದರೆ ಕೇಳಿಬಿಡಬಹುದು, ಕೇಳಿದರೆ ಮಾವ ಮತ್ತೆ ಬರಬಹುದು ಎಂದುಕೊಂಡಿದ್ದನೋ ಏನೋ. ಭಾನುವಾರ ಬೆಳಗ್ಗೆ ಗೇಟಿನ ಕಂಬಿ ಹಿಡಿದು ನಿಲ್ಲುತ್ತಿದ್ದ. ಅಮ್ಮ ತುಟಿ ಬಿಡಿಸಿ ಬಿಡಿಸಿ, "ಮಾವನಿಗೆ ಕೆಲಸ ಇದೆ," ಎಂದು ಹೇಳುತ್ತಿದ್ದಳು.

ಅದಾದ ಮೇಲೆ ಮಾವ ಬಂದದ್ದು ಒಂದೆರಡು ಸಲ ಮಾತ್ರ. ಬಂದಾಗ ಅಕ್ಕ ಕೋಣೆಯಿಂದ ಹೊರಗೆ ಬರಲಿಲ್ಲ. ಅವನೂ ಚೇತೂನ ಜೊತೆ ಹೆಚ್ಚು ಹೊತ್ತು ಕೂರಲಿಲ್ಲ. ಅಜ್ಜಿ ಬರುವುದನ್ನೇ ಬಿಟ್ಟಳು. ಮಗಳ ಮನೆಯ ನೀರು ಮುಟ್ಟುವುದಿಲ್ಲ ಎಂದಳಂತೆ. ನನ್ನ ಪರೀಕ್ಷೆ ಮುಗಿಯುವ ಹೊತ್ತಿಗೆ ಮಾವ ಅಂಗಡಿ ಮುಚ್ಚಿ, ಸ್ನೇಹಿತನೊಬ್ಬನ ಜೊತೆ ತುಮಕೂರಿನಲ್ಲಿ ವ್ಯಾಪಾರಕ್ಕೆ ಸೇರಿಕೊಂಡಿದ್ದ. ಅಜ್ಜಿಯನ್ನೂ ಕರೆದುಕೊಂಡು ಹೋದ. ನನಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂತು. ಅನುವಂಶೀಯತೆಯ ಮೇಲಿನ ಪ್ರಶ್ನೆಗೆ ಪೂರ್ತಿ ಪುಟ ಬರೆದಿದ್ದೆ.

ಮುಂದಿನದೆಲ್ಲ ಒಳ್ಳೆಯದೇ ಆಯಿತು ಎನ್ನಬೇಕು. ಅಕ್ಕ ಹೊರಗಿನ ಸಂಬಂಧದಲ್ಲಿ ಮದುವೆಯಾಗಿ ಕೆಂಗೇರಿಯಲ್ಲಿದ್ದಾಳೆ. ಅವಳ ಮಗಳಿಗೆ ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಕೇಳುತ್ತದೆ. ಮಾವನೂ ತಡವಾಗಿ ಮದುವೆಯಾದ, ಅವನ ಮಗನೂ ಚೆನ್ನಾಗಿದ್ದಾನೆ. ಪಾಠದಲ್ಲಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಮ್ಮ ಮಾಡಿದ್ದೂ ಸರಿ ಎಂದೇ ನಾನು ಇವತ್ತಿಗೂ ಹೇಳುತ್ತೇನೆ.

ಅಜ್ಜಿ ತೀರಿಕೊಂಡಾಗ ನಾವೆಲ್ಲ ತುಮಕೂರಿಗೆ ಹೋಗಿದ್ದೆವು. ಚೇತು ಆಗ ಕಾಲೇಜು ಮುಗಿಸಿದ್ದ. ಅಂಗಳದಲ್ಲಿ ಮಾವ ಒಬ್ಬನೇ ನಿಂತಿದ್ದ. ಚೇತು ನೇರವಾಗಿ ಅವನ ಹತ್ತಿರ ಹೋಗಿ ಕೈಯಾಡಿಸಿ ಏನೋ ಹೇಳತೊಡಗಿದ. ಬಹಳ ಹೊತ್ತು ಹೇಳಿದ. ಮಾವ ಆ ಕೈಗಳನ್ನೇ ನೋಡುತ್ತಾ ನಿಂತ. ಆಮೇಲೆ ನನ್ನ ಕಡೆ ತಿರುಗಿ, "ಏನಂತಿದಾನೆ ವಿನು? ನಂಗೆ ಎಲ್ಲಾ ಮರೆತೋಗಿದೆ ಕಣೇ," ಎಂದ. ನನಗೆ ಗೊತ್ತಿದ್ದರೆ ತಾನೆ ಹೇಳುವುದು. ಅಜ್ಜಿ ಎಂಬುದೊಂದು ತಿಳಿಯಿತು, ಉಳಿದದ್ದು ತಿಳಿಯಲಿಲ್ಲ. ಚೇತು ನಮ್ಮಿಬ್ಬರನ್ನೂ ನೋಡಿ, ಮೊಬೈಲ್ ತೆಗೆದು ಟೈಪ್ ಮಾಡಿ ತೋರಿಸಿದ. ಅದರಲ್ಲಿ ಇದ್ದದ್ದು, "ಊಟ ಆಯ್ತಾ ಮಾವ?" ಎಂದಷ್ಟೇ. ಅಷ್ಟು ಹೊತ್ತು ಹೇಳಿದ್ದು ಅದಲ್ಲ ಎಂದು ಮೂವರಿಗೂ ಗೊತ್ತಿತ್ತು.

ಈಗ ಚೇತೂನ ಮದುವೆ ಗೊತ್ತಾಗಿದೆ. ಹುಡುಗಿ ಅನ್ನಪೂರ್ಣೇಶ್ವರಿ ನಗರದವಳು, ಅವನ ಜೊತೆಯಲ್ಲೇ ಕೆಲಸ ಮಾಡುತ್ತಾಳೆ. ಅವಳಿಗೂ ಕಿವಿ ಕೇಳುವುದಿಲ್ಲ. ಇಬ್ಬರೂ ಎದುರುಬದುರು ಕೂತರೆ ನಾಲ್ಕು ಕೈಗಳು ನಿಲ್ಲುವುದೇ ಇಲ್ಲ. ಹುಡುಗಿಯ ಚಿಕ್ಕಪ್ಪ ಮೊನ್ನೆ ಮನೆಗೆ ಬಂದವರು, ಈಗೆಲ್ಲ ಪರೀಕ್ಷೆ ಬಂದಿದೆ, ಮಕ್ಕಳಾದರೆ ಹೇಗಿರುತ್ತವೆ ಎಂದು ಮುಂಚೆಯೇ ಕೇಳಿಕೊಳ್ಳಬಹುದು ಎಂದರು. ಚೇತು ಅವರ ತುಟಿ ನೋಡಿ ತಿಳಿದುಕೊಂಡು, ಮೊಬೈಲಿನಲ್ಲಿ ಬರೆದು ಅವರ ಕೈಗೆ ಕೊಟ್ಟ. ಅವರು ಓದಿ ನನಗೆ ದಾಟಿಸಿದರು. "ಪರೀಕ್ಷೆ ಬೇಡ ಅಂಕಲ್. ಕೇಳಿಸಿದರೆ ನಿಮ್ಮ ಜೊತೆ ಮಾತಾಡುತ್ತೆ, ಕೇಳಿಸದಿದ್ದರೆ ನಮ್ಮ ಜೊತೆ," ಎಂದಿತ್ತು.

ಅವರು ಹೋದ ಮೇಲೆ ಅಮ್ಮ ಅದನ್ನು ನನ್ನಿಂದ ಜೋರಾಗಿ ಓದಿಸಿ ಕೇಳಿಸಿಕೊಂಡಳು. "ಅವತ್ತು ಇವನನ್ನೂ ಒಂದು ಮಾತು ಕೇಳಬೇಕಿತ್ತು ಕಣೇ," ಎಂದಳು.

ನಾನೂ ಅದನ್ನೇ ಯೋಚಿಸುತ್ತಿದ್ದೆ. ಆ ಚಳಿಗಾಲ ಪೂರ್ತಿ ನಾವೆಲ್ಲ ಮಾತಾಡಿದ್ದು ಅವನ ಬಗ್ಗೆ. ಅವನ ಕಿವಿ, ಅವನಂಥ ಮಗು, ಅವನಿಂದ ಅಮ್ಮ ಪಟ್ಟ ಪಾಡು. ಮಾವನನ್ನು ಬಿಟ್ಟರೆ ಅವನ ಜೊತೆ ಅದನ್ನು ಮಾತಾಡಬಲ್ಲವರು ಮನೆಯಲ್ಲಿ ಇರಲಿಲ್ಲ, ಮಾವನನ್ನೇ ಕಳೆದುಕೊಂಡೆವು. ಆಮೇಲೆ ಅವನಿಗೆ ಆ ಹುಡುಗಿ ಸಿಗುವವರೆಗಿನ ವರ್ಷಗಳಲ್ಲಿ ಅವನು ನಮ್ಮೆಲ್ಲರ ನಡುವೆ ಕೂತು, ತುಟಿಗಳನ್ನು ನೋಡುತ್ತಾ, ತಲೆಯಾಡಿಸುತ್ತಾ ಬೆಳೆದ. ಇವತ್ತು ಅವನ ಉತ್ತರ ಸಿಕ್ಕಿದೆ. ಆದರೆ ಇದು ಇಪ್ಪತ್ತೇಳರ ಚೇತನನ ಉತ್ತರ. ಒಂಬತ್ತು ವರ್ಷದ ಚೇತು ಏನು ಹೇಳುತ್ತಿದ್ದನೋ, ಅದನ್ನು ಈಗ ಅವನನ್ನು ಕೇಳಿದರೂ ತಿಳಿಯುವುದಿಲ್ಲ.